ನೂರಕ್ಕೆ ಎರಡು ಅಂದರೆ ಎಷ್ಟು? ಎಐ ಏಜೆಂಟಿಗೆ ಡಿಫೈ ಬಡ್ಡಿಯ ಲೆಕ್ಕ ತಿಳಿಸುವ ಬಗೆ

ನಮ್ಮ ಕಡೆ ಕೈಸಾಲದ ಮಾತು ಬಹಳ ಗಿಡ್ಡ. 'ಎರಡು ರೂಪಾಯಿ ಬಡ್ಡಿಗೆ ತಂದಿದ್ದೀನಿ' ಅಂದರೆ ಸಾಕು, ಜಗಲಿಯ ಮೇಲೆ ಕೂತ ಎಲ್ಲರಿಗೂ ಲೆಕ್ಕ ಗೊತ್ತಾಗಿಬಿಡುತ್ತದೆ: ನೂರು ರೂಪಾಯಿಗೆ, ತಿಂಗಳಿಗೆ, ಎರಡು ರೂಪಾಯಿ. ವರ್ಷಕ್ಕೆ ಶೇ 24. ಬಡ್ಡಿಗೆ ಬಡ್ಡಿ ಹಾಕಿದರೆ ಶೇ 26.8. 'ನೂರಕ್ಕೆ' ಅಂತಾಗಲಿ 'ತಿಂಗಳಿಗೆ' ಅಂತಾಗಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದೇ ಊರಿನ ಸಹಕಾರ ಸಂಘದ ಕಿಟಕಿಯಲ್ಲಿ 'ಎಂಟು ಪರ್ಸೆಂಟ್' ಅಂದರೆ ಅದು ವರ್ಷದ ಲೆಕ್ಕ. ಅದನ್ನೂ ಯಾರೂ ಹೇಳುವುದಿಲ್ಲ. ಹೇಳದೆ ಬಿಟ್ಟದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಊರಿನ ಬಳಕೆ ಗೊತ್ತಿರುತ್ತದೆ, ಒಂದೆರಡು ಪೆಟ್ಟೂ ತಿಂದಿರುತ್ತೇವೆ.

ಎಐ ಏಜೆಂಟಿಗೆ ಊರೂ ಇಲ್ಲ, ತಿಂದ ಪೆಟ್ಟಿನ ನೆನಪೂ ಇಲ್ಲ. ಅದರ ಮುಂದೆ 'ಎರಡು' ಅಂತ ಇಟ್ಟರೆ, ಯಾವುದಕ್ಕೆ ಎರಡು ಎಂದು ಕೇಳುವ ಗೋಜಿಗೆ ಹೋಗದೆ, ತನಗೆ ತೋಚಿದ ಅರ್ಥ ಹಚ್ಚಿ, ಬಲು ಅಚ್ಚುಕಟ್ಟಾದ ವಾಕ್ಯದಲ್ಲಿ ತಪ್ಪು ಉತ್ತರ ಒಪ್ಪಿಸುತ್ತದೆ. ಬರೀ ಹರಟೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಈಗ ಏಜೆಂಟ್ ಅಂದರೆ ಕೇಳಿದ್ದಕ್ಕೆ ಉತ್ತರಿಸಿ ಸುಮ್ಮನಾಗುವ ಚಾಟ್‌ಬಾಟ್ ಅಲ್ಲ. ತಾನೇ ಮಾಹಿತಿ ತಂದು, ಹೋಲಿಸಿ, ವ್ಯಾಲೆಟ್ಟಿನಿಂದ ಹಣವನ್ನೂ ಕದಲಿಸಬಲ್ಲ ತಂತ್ರಾಂಶ.

ಡಿಫೈ ಎಂಬ ವಿಕೇಂದ್ರೀಕೃತ ಹಣಕಾಸಿನ ಜಗತ್ತಿನಲ್ಲಿ ಈ ಏಜೆಂಟುಗಳಿಗೆ ಬೇಡಿಕೆ ಹೆಚ್ಚು. ಅಲ್ಲಿ ನಡುವೆ ಬ್ಯಾಂಕಿಲ್ಲ; ಇಥೀರಿಯಂನಂಥ ಬ್ಲಾಕ್‌ಚೈನಿನ ಮೇಲೆ ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಕೋಡೇ ಠೇವಣಿ ಪಡೆದು, ಸಾಲ ಕೊಟ್ಟು, ಬಡ್ಡಿ ಹಂಚಿ, ಅಡವಿಟ್ಟ ವಸ್ತುವನ್ನು ಹರಾಜು ಹಾಕುತ್ತದೆ. ಆವೆ, ಕಾಂಪೌಂಡ್, ಲೀಡೊ, ಮಾರ್ಫೊ, ಪೆಂಡಲ್ ಹೀಗೆ ಪ್ರೋಟೊಕಾಲ್ ಎಂಬ ಇಂಥ ವ್ಯವಸ್ಥೆಗಳಿಗೆ ಹತ್ತಾರು ಹೆಸರು. (ಆವೆ ಅಂದರೆ ಫಿನ್ನಿಷ್ ಭಾಷೆಯಲ್ಲಿ ಭೂತ. ಲೇವಾದೇವಿಗೆ ಇಟ್ಟ ಹೆಸರು ಎಂದುಕೊಂಡರೆ ತಪ್ಪೇನಿಲ್ಲ.) ದಿನವಿಡೀ ಬಡ್ಡಿ ಏರಿಳಿಯುವ ಇಷ್ಟೊಂದು ಪೂಲುಗಳನ್ನು, ಅಂದರೆ ಹಲವರ ಹಣ ಕೂಡಿದ ನಿಧಿಗಳನ್ನು, ಮನುಷ್ಯ ನೋಡಿ ಮುಗಿಸಲಾರ, ಯಂತ್ರ ನೋಡಲಿ ಎನ್ನುವುದು ಆಸೆ. ಬೆಂಗಳೂರಿನಲ್ಲೇ ಇಂಥ ಏಜೆಂಟ್ ಕಟ್ಟುವ ಹುಡುಗರು ಸಾಕಷ್ಟಿದ್ದಾರೆ. ಕಟ್ಟುವವರಿಗೂ, ಏಜೆಂಟಿನ ಮಾತು ನಂಬಿ ಕೂರುವವರಿಗೂ ಉಪಯೋಗವಾಗಲಿ ಎಂದು ಈ ಬರಹ. ಡಿಫೈಗೆ ದುಡ್ಡು ಹಾಕಬೇಕೋ ಬೇಡವೋ ಎಂಬ ಜಗಳ ಇನ್ನೊಂದು ದಿನಕ್ಕಿರಲಿ.

ಒಂದೇ ಸಂಜೆಯಲ್ಲಿ ಲಕ್ಷ ಕೋಟಿ

ನಾನು ಮೊದಲು ಕಟ್ಟಿದ ಪುಟ್ಟ ಏಜೆಂಟ್ ನನ್ನನ್ನು ಒಂದೇ ಸಂಜೆಯಲ್ಲಿ ಕುಬೇರನನ್ನಾಗಿಸಿತ್ತು. ಪ್ರಯೋಗಕ್ಕೆಂದು ತೆರೆದ ವ್ಯಾಲೆಟ್ಟಿನಲ್ಲಿ ಒಂದೇ ಒಂದು ಡಾಯ್ ಇತ್ತು. ಡಾಯ್ ಅಂದರೆ ಒಂದು ಡಾಲರ್ ಬೆಲೆಗೆ ಕಟ್ಟಿಹಾಕಿದ ನಾಣ್ಯ. ಎಷ್ಟಿದೆ ನೋಡು ಅಂದೆ. 10,00,00,00,00,000 ಡಾಲರ್ ಇದೆ ಅಂತ ವರದಿ ಬಂತು. ಒಂದು ಲಕ್ಷ ಕೋಟಿ ಡಾಲರ್. ಜೊತೆಗೆ, ಇಷ್ಟು ಹಣವನ್ನು ಒಂದೇ ಕಡೆ ಇಡುವುದು ಒಳ್ಳೆಯದಲ್ಲ ಎಂಬ ಹಿತವಚನ ಬೇರೆ.

ಆದದ್ದಿಷ್ಟು. ಸ್ಮಾರ್ಟ್ ಕಾಂಟ್ರಾಕ್ಟುಗಳ ಲೆಕ್ಕದಲ್ಲಿ ದಶಮಾಂಶ ಬಿಂದು ಇರುವುದಿಲ್ಲ. ರೂಪಾಯಿಯನ್ನು ಪೈಸೆಯಲ್ಲಿ ಬರೆದಿಟ್ಟ ಹಾಗೆ, ಎಲ್ಲವೂ ಅತಿ ಸಣ್ಣ ಚೂರಿನ ಎಣಿಕೆಯಲ್ಲಿ ಇರುತ್ತದೆ. ಎಷ್ಟು ಸೊನ್ನೆ ಕಳೆದರೆ ಒಂದು ನಾಣ್ಯ ಎಂಬುದು ನಾಣ್ಯದಿಂದ ನಾಣ್ಯಕ್ಕೆ ಬೇರೆ. ಡಾಯ್‌ಗೆ 18 ಸ್ಥಾನ, ಇನ್ನೊಂದು ಡಾಲರ್ ನಾಣ್ಯವಾದ ಯುಎಸ್‌ಡಿಸಿಗೆ 6, ಇಥೀರಿಯಂ ಮೇಲೆ ಓಡಾಡುವ ಬಿಟ್‌ಕಾಯಿನ್ ರೂಪವಾದ ಡಬ್ಲ್ಯುಬಿಟಿಸಿಗೆ 8. ನನ್ನ ಏಜೆಂಟ್ ಯುಎಸ್‌ಡಿಸಿಯ ಆರನ್ನು ಡಾಯ್‌ಗೆ ಹಚ್ಚಿತ್ತು. ಇದೇ ತಪ್ಪು ತಿರುಗುಮುರುಗಾದರೆ ಸಾವಿರ ಡಾಲರ್ ಇದ್ದವನ ಖಾತೆ ಖಾಲಿ ಎಂದು ತೋರಿಸುತ್ತದೆ.

ಹಾಗಾದರೆ ಯುಎಸ್‌ಡಿಸಿಗೆ ಆರು ಎಂದು ಕಲಿಸಿಬಿಟ್ಟರೆ ಆಯಿತಲ್ಲ? ಆಗುವುದಿಲ್ಲ. ಬಿಎನ್‌ಬಿ ಚೈನಿನಲ್ಲಿ ಅದೇ ಹೆಸರಿನ ನಾಣ್ಯಕ್ಕೆ 18 ಸ್ಥಾನ. ಕೆಲವು ಚೈನುಗಳಲ್ಲಿ ಸರ್ಕಲ್ ಕಂಪನಿ ತಾನೇ ಬಿಡುಗಡೆ ಮಾಡಿದ ಯುಎಸ್‌ಡಿಸಿಯೂ ಇದೆ, ಬೇರೆ ಚೈನಿನಿಂದ ಸೇತುವೆ ದಾಟಿ ಬಂದ ಅದರ ಪ್ರತಿರೂಪವೂ ಇದೆ. ಎರಡರ ಬೆಲೆ ಸಾಮಾನ್ಯವಾಗಿ ಒಂದೇ, ಅಪಾಯ ಒಂದೇ ಅಲ್ಲ. ಇನ್ನು ಅದೇ ಹೆಸರಿಟ್ಟು ಯಾರು ಬೇಕಾದರೂ ಸುಳ್ಳು ಟೋಕನ್ ಹುಟ್ಟಿಸಬಹುದು. ನಮ್ಮಲ್ಲಿ ಮಂಜುನಾಥ ಎಂಬ ಹೆಸರಿನವರು ಎಷ್ಟು ಮಂದಿ? ಬ್ಯಾಂಕಿನವರು ಹೆಸರು ನೋಡಿ ದುಡ್ಡು ಕೊಡುತ್ತಾರೆಯೇ? ಖಾತೆ ಸಂಖ್ಯೆ ನೋಡುತ್ತಾರೆ. ಏಜೆಂಟಿಗೂ ಅದೇ ಕಟ್ಟಳೆ: ನಾಣ್ಯ ಎಂದರೆ ಚೈನ್ ಮತ್ತು ಕಾಂಟ್ರಾಕ್ಟ್ ವಿಳಾಸ ಎರಡೂ ಸೇರಿದ ಗುರುತು. ಸ್ಥಾನ ಎಷ್ಟು ಎಂದು ಆ ಕಾಂಟ್ರಾಕ್ಟನ್ನೇ ಕೇಳಬೇಕು, ನೆನಪಿನಿಂದ ಹೇಳಬಾರದು. ಸೊನ್ನೆ ಕಳೆಯುವ ಕೆಲಸವನ್ನೂ ಭಾಷಾ ಮಾದರಿಗೆ ಬಿಡದೆ ಸಾಮಾನ್ಯ ಕೋಡಿಗೆ ಒಪ್ಪಿಸಿ. ಭಾಷೆ ಬಲ್ಲವನ ಕೈಲಿ ಕೂಡಿಸುವ ಲೆಕ್ಕ ಮಾಡಿಸುವ ಹಟ ಯಾಕೆ?

ಬಡ್ಡಿ ದರ ಬರುವ ವೇಷಗಳು

ಸೊನ್ನೆಯ ಕಾಟ ಮುಗಿದ ಮೇಲೆ ದರದ ಕಾಟ. ಆವೆಯ ಕಾಂಟ್ರಾಕ್ಟನ್ನು ಬಡ್ಡಿ ಎಷ್ಟೆಂದು ಕೇಳಿದರೆ 35ರ ಮುಂದೆ 24 ಸೊನ್ನೆ ಇರುವ ಸಂಖ್ಯೆ ಬರಬಹುದು. ಅದು 27 ಸ್ಥಾನದ ಲೆಕ್ಕ. ಬಿಡಿಸಿದರೆ ಶೇ 3.5. ವಾರ್ಷಿಕ ದರವೇ, ಆದರೆ ಸರಳ ಬಡ್ಡಿ. ಆವೆಯ ಪರದೆಯ ಮೇಲೆ ಕಾಣುವುದು ಚಕ್ರಬಡ್ಡಿ ಸೇರಿದ್ದು. ಮೊದಲನೆಯದು ಎಪಿಆರ್, ಎರಡನೆಯದು ಎಪಿವೈ. ದರ ಚಿಕ್ಕದಿದ್ದಾಗ ವ್ಯತ್ಯಾಸ ಕೂದಲೆಳೆಯಷ್ಟು. ಶೇ 20 ಎಪಿಆರ್‌ಗೆ ದಿನಕ್ಕೊಮ್ಮೆ ಬಡ್ಡಿ ಸೇರಿಸಿದರೆ ಶೇ 22.1 ಆಗುತ್ತದೆ. ಶೇ 100 ಎಂದು ಜಾಹೀರಾತು ಹಾಕಿದವರ ದರ ಅದೇ ಲೆಕ್ಕದಲ್ಲಿ ಶೇ 171. ಒಂದು ಪೂಲಿನ ಎಪಿಆರ್‌ಅನ್ನು ಇನ್ನೊಂದರ ಎಪಿವೈ ಜೊತೆ ಇಟ್ಟು ತೂಗುವುದು ಕಿಲೋ ಬಟ್ಟನ್ನು ಸೇರಿನ ಜೊತೆ ಇಟ್ಟ ಹಾಗೆ.

ಕಾಂಪೌಂಡ್‌ನ ಎರಡನೇ ಆವೃತ್ತಿಯದು ಇನ್ನೂ ಸ್ವಾರಸ್ಯ. ಅದು ಬಡ್ಡಿಯನ್ನು ವರ್ಷಕ್ಕೂ ಹೇಳುವುದಿಲ್ಲ, ದಿನಕ್ಕೂ ಹೇಳುವುದಿಲ್ಲ. ಒಂದು ಬ್ಲಾಕಿಗೆ, ಅಂದರೆ ಚೈನಿಗೆ ಸೇರುವ ವ್ಯವಹಾರಗಳ ಒಂದು ಕಟ್ಟಿಗೆ, ಇಷ್ಟು ಎನ್ನುತ್ತದೆ. ವರ್ಷಕ್ಕೆ ಎಷ್ಟು ಬ್ಲಾಕು? ಅದರ ಹಳೆಯ ಬಡ್ಡಿ ಮಾದರಿಯಲ್ಲಿ 15 ಸೆಕೆಂಡಿಗೊಂದು ಬ್ಲಾಕ್ ಎಂದು ಹಿಡಿದು 21,02,400 ಎಂದು ಬರೆದಿತ್ತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಗಣಿಗಾರಿಕೆ ಬಿಟ್ಟು, ನಾಣ್ಯ ಪಣವಿಟ್ಟು ಜಾಲ ಕಾಯುವ ಸ್ಟೇಕಿಂಗ್ ಪದ್ಧತಿಗೆ ಬಂದ ಮೇಲೆ ಬ್ಲಾಕುಗಳ ನಡುವಿನ ಅಂತರ 12 ಸೆಕೆಂಡಿಗೆ ನಿಂತಿತು. ಅಂದರೆ ವರ್ಷಕ್ಕೆ ಸುಮಾರು 26,28,000. ಹಳೆಯ ಸಂಖ್ಯೆಯಿಂದ ಗುಣಿಸಿದರೆ ಶೇ 4 ಬರುವ ಬಡ್ಡಿ ಹೊಸದರಿಂದ ಗುಣಿಸಿದರೆ ಶೇ 5. ಭಾಷಾ ಮಾದರಿಗಳು ಓದಿಕೊಂಡ ಪುಟಗಳಲ್ಲಿ ಹಳೆಯ ಸಂಖ್ಯೆಯೂ ಇದೆ, ಹೊಸದೂ ಇದೆ. ಯಾವುದು ಮೊದಲು ನೆನಪಾಗುತ್ತದೋ ಅದೇ ಸತ್ಯ.

ಇದಕ್ಕೆ ಮದ್ದು ಸಂಖ್ಯೆಯ ಪೂರ್ವಾಪರವನ್ನೂ ಸಂಖ್ಯೆಯ ಜೊತೆಗೇ ಕಳಿಸುವುದು. ವರ್ಷಕ್ಕೋ ಬ್ಲಾಕಿಗೋ, ಸರಳವೋ ಚಕ್ರವೋ, ಈ ಕ್ಷಣದ್ದೋ ಏಳು ದಿನದ ಸರಾಸರಿಯೋ, ಶುಲ್ಕ ಕಳೆದದ್ದೋ ಕಳೆಯದ್ದೋ. 'ದರ: 4.1' ಎಂದು ಬರೆದು ಉಳಿದದ್ದನ್ನು ದಾಖಲೆ ಪುಟದ ಮೂಲೆಯಲ್ಲಿಟ್ಟರೆ ಏಜೆಂಟ್ ಆ ಮೂಲೆಗೆ ಹೋಗುತ್ತದೆ ಎಂಬ ಭರವಸೆಯಿಲ್ಲ.

ಬಡ್ಡಿ ಕೈಸೇರುವ ಬಗೆಯಲ್ಲೂ ಎರಡು ಜಾತಿ. ಲೀಡೊದಲ್ಲಿ ಇಥೀರಿಯಂನ ನಾಣ್ಯವಾದ ಈಥರ್ ಇಟ್ಟರೆ ಸಿಗುವ ಎಸ್‌ಟಿ-ಈಥ್ ಎಂಬ ನಾಣ್ಯ ದಿನದಿನಕ್ಕೆ ವ್ಯಾಲೆಟ್ಟಿನಲ್ಲೇ ಎಣಿಕೆಯಲ್ಲಿ ಹೆಚ್ಚುತ್ತದೆ. ಆವೆ ಕೊಡುವ ಎ-ಟೋಕನ್ನುಗಳೂ ಹೀಗೇ. ಅದೇ ಎಸ್‌ಟಿ-ಈಥ್‌ಗೆ ಹೊದಿಕೆ ಹಾಕಿದ ಡಬ್ಲ್ಯು-ಎಸ್‌ಟಿ-ಈಥ್ ವರ್ಷವಿಟ್ಟರೂ ಎಣಿಕೆಯಲ್ಲಿ ಒಂದು ಚೂರೂ ಹೆಚ್ಚದು, ಬೆಲೆ ಹೆಚ್ಚುತ್ತದೆ. ಮ್ಯೂಚುವಲ್ ಫಂಡ್ ಇರುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ: ಯೂನಿಟ್ಟು ಅಷ್ಟೇ, ಎನ್ಎವಿ ಬೇರೆ. ಇದನ್ನು ತಿಳಿಯದ ಏಜೆಂಟ್ ಎರಡನೆಯದನ್ನು ನೋಡಿ 'ಆರು ತಿಂಗಳಿಂದ ಏನೂ ಗಳಿಕೆಯಿಲ್ಲ, ಬೇರೆಡೆಗೆ ಸಾಗಿಸಲೇ?' ಎಂದು ಕೇಳುತ್ತದೆ.

ಇಲ್ಲಿ ಒಂದು ಒಳ್ಳೆಯ ಸುದ್ದಿ. ಹಣ ಹಾಕಿ ಪಾಲು ಪಡೆಯುವ ವಾಲ್ಟುಗಳಿಗೆ 2022ರಿಂದ ಇಆರ್‌ಸಿ-4626 ಎಂಬ ಒಂದೇ ಮಾದರಿಯ ಕಟ್ಟಳೆ ಇದೆ. ಅದನ್ನು ಪಾಲಿಸುವ ಯಾವ ವಾಲ್ಟನ್ನಾದರೂ ಏಜೆಂಟ್ ಅದೇ ಪ್ರಶ್ನೆಗಳಿಂದ ಮಾತಾಡಿಸಬಹುದು: ಯಾವ ನಾಣ್ಯ ತೆಗೆದುಕೊಳ್ಳುತ್ತೀಯ, ಒಟ್ಟು ಎಷ್ಟಿದೆ, ನನ್ನ ಈ ಪಾಲಿಗೆ ಈಗ ಎಷ್ಟು ಬರುತ್ತದೆ, ಈಗಲೇ ಹೆಚ್ಚೆಂದರೆ ಎಷ್ಟು ತೆಗೆಯಬಹುದು. ಎರಡು ದಿನಾಂಕದ ಪಾಲಿನ ಬೆಲೆ ತಿಳಿದರೆ ನಿಜವಾಗಿ ಬಂದ ಬಡ್ಡಿ ತಾನೇ ಹೊರಬೀಳುತ್ತದೆ; ಜಾಹೀರಾತಿನ ದರ ನಂಬಬೇಕಾಗಿಲ್ಲ. ಒಂದೇ ಎಚ್ಚರ: ಕೆಲವು ವಾಲ್ಟುಗಳಲ್ಲಿ ಹೊರಗಿನಿಂದ ನಾಣ್ಯ ಸುರಿದು ಪಾಲಿನ ಬೆಲೆಯನ್ನು ಕ್ಷಣಕಾಲ ಉಬ್ಬಿಸಿ ತೋರಿಸಲು ಬರುತ್ತದೆ. ಆದ್ದರಿಂದ ಒಂದು ಕ್ಷಣದ ಬೆಲೆಯನ್ನು ಹಿಡಿದು ತೀರ್ಮಾನಕ್ಕೆ ಬರುವ ಏಜೆಂಟ್ ಬೇಡ.

ಬಡ್ಡಿ ಕೊಡುವವರು ಯಾರು?

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಹಳ್ಳಿಯಲ್ಲಿ ಯಾರಾದರೂ 'ನನ್ನ ಹತ್ತಿರ ದುಡ್ಡು ಇಡಿ, ತಿಂಗಳಿಗೆ ನೂರಕ್ಕೆ ಐದು ಕೊಡ್ತೀನಿ' ಅಂದರೆ ಅನುಭವಸ್ಥರು ಮೊದಲು ಕೇಳುವುದು ದರದ ಬಗ್ಗೆ ಅಲ್ಲ. 'ನೀನು ಎಲ್ಲಿಂದ ತಂದು ಕೊಡ್ತೀಯಪ್ಪ?' ಎಂಬುದು ಅವರ ಪ್ರಶ್ನೆ. ಏಜೆಂಟಿಗೆ ಈ ಒಂದು ಪ್ರಶ್ನೆ ರೂಢಿ ಮಾಡಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಡಿಫೈನಲ್ಲಿ ಬಡ್ಡಿಯ ಊಟೆಗಳು ಕೆಲವೇ. ಆವೆ, ಕಾಂಪೌಂಡಿನಲ್ಲಿ ಸಾಲಗಾರರು ಕೊಡುತ್ತಾರೆ. ಅಲ್ಲಿ ನಡೆಯುವುದು ನಮ್ಮ ಗಿರವಿ ಅಂಗಡಿಯ ವ್ಯವಹಾರವೇ, ಒಡವೆಯ ಬದಲು ಈಥರ್, ಬಿಟ್‌ಕಾಯಿನ್. ಸ್ಟೇಕಿಂಗ್‌ನಲ್ಲಿ ಇಥೀರಿಯಂ ಜಾಲವೇ ಹೊಸ ನಾಣ್ಯ ಮತ್ತು ವ್ಯವಹಾರ ಶುಲ್ಕದ ರೂಪದಲ್ಲಿ ಕೊಡುತ್ತದೆ. ಲೀಡೊ ಅದರಲ್ಲಿ ಹತ್ತರಲ್ಲಿ ಒಂದು ಪಾಲು ಹಿಡಿದುಕೊಳ್ಳುತ್ತದೆ. ಯುನಿಸ್ವಾಪ್‌ನಂಥ ವಿನಿಮಯ ಪೂಲಿನಲ್ಲಿ ನಾಣ್ಯ ಅದಲುಬದಲು ಮಾಡುವವರು ಶುಲ್ಕ ಕೊಡುತ್ತಾರೆ, ಆದರೆ ಜೋಡಿಯ ಒಂದು ನಾಣ್ಯದ ಬೆಲೆ ದುಪ್ಪಟ್ಟಾದರೆ, ಸುಮ್ಮನೆ ಕೈಲಿಟ್ಟುಕೊಂಡವನಿಗಿಂತ ಪೂಲಿನಲ್ಲಿ ಇಟ್ಟವನಿಗೆ ಶೇ 5.7 ಕಡಿಮೆ ಬರುತ್ತದೆ. ನಾಲ್ಕು ಪಟ್ಟಾದರೆ ಶೇ 20 ಕಡಿಮೆ. ಈ ನಷ್ಟ ಬಡ್ಡಿಯ ಕಾಲಂನಲ್ಲಿ ಕಾಣುವುದೇ ಇಲ್ಲ. ಕೊನೆಯದು ಪ್ರೋತ್ಸಾಹದ ಟೋಕನ್: ಪ್ರೋಟೊಕಾಲ್ ತಾನೇ ಅಚ್ಚು ಹಾಕಿದ ನಾಣ್ಯವನ್ನು ಗಿರಾಕಿಗಳಿಗೆ ಹಂಚುವುದು. 2020ರ ಜೂನ್‌ನಲ್ಲಿ ಕಾಂಪೌಂಡ್ ತನ್ನ ಟೋಕನ್ ಹಂಚತೊಡಗಿದಾಗಲೇ 'ಯೀಲ್ಡ್ ಫಾರ್ಮಿಂಗ್' ಎಂಬ ಮಾತು ಎಲ್ಲರ ಬಾಯಿಗೆ ಬಂದದ್ದು. ಹಬ್ಬದ ರಿಯಾಯಿತಿಯಂತೆ ಇದು. ಹಬ್ಬ ಮುಗಿದ ದಿನ ನಿಲ್ಲುತ್ತದೆ. ಡಿಫೈಲಾಮಾ ಎಂಬ ಮಾಹಿತಿ ತಾಣ ಮೂಲ ಬಡ್ಡಿಯನ್ನೂ ಪ್ರೋತ್ಸಾಹದ ಬಡ್ಡಿಯನ್ನೂ ಬೇರೆ ಬೇರೆ ಕಾಲಂನಲ್ಲಿ ಕೊಡುತ್ತದೆ. ಏಜೆಂಟ್ ಕಟ್ಟುವವರು ಎರಡನ್ನೂ ಕೂಡಿಸಿದ ಒಟ್ಟು ಸಂಖ್ಯೆಯನ್ನಷ್ಟೇ ಎತ್ತಿಕೊಂಡು, ಬಿಡಿಸಿಟ್ಟ ಅಡಿಕೆಯನ್ನು ಮತ್ತೆ ಸಿಪ್ಪೆಗೆ ತುಂಬುತ್ತಾರೆ.

'ಯಾರು ಕೊಡುತ್ತಾರೆ' ಎಂದು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೆರ್ರಾ ಬ್ಲಾಕ್‌ಚೈನಿನ ಆಂಕರ್ ಎಂಬ ಠೇವಣಿ ಪ್ರೋಟೊಕಾಲೇ ಸಾಕ್ಷಿ. 2021ರ ಮಾರ್ಚ್‌ನಲ್ಲಿ ಶುರುವಾಗಿ ಯುಎಸ್‌ಟಿ ಎಂಬ ಡಾಲರ್ ನಾಣ್ಯಕ್ಕೆ ಶೇ 20ರ ಆಸುಪಾಸು ಬಡ್ಡಿ ಕೊಡುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಒಂದು ಏಜೆಂಟಿಗೆ ಪಟ್ಟಿ ಕೊಟ್ಟು ಆರಿಸು ಎಂದಿದ್ದರೆ ಅದು ಏನು ನೋಡುತ್ತಿತ್ತು? ದರ ಎಲ್ಲರಿಗಿಂತ ಮೇಲೆ. ವರ್ಷದಿಂದ ಹೆಚ್ಚು ಅಲುಗಾಡಿಲ್ಲ. ಠೇವಣಿ ಸಾವಿರ ಕೋಟಿ ಡಾಲರಿಗೂ ಹೆಚ್ಚು. ಮೂರಕ್ಕೂ ಟಿಕ್. ನಿಜಸ್ಥಿತಿ ಬೇರೆ ಕಾಲಂನಲ್ಲಿತ್ತು: ಸಾಲಗಾರರಿಂದ ಬರುತ್ತಿದ್ದ ಹಣ ಠೇವಣಿದಾರರಿಗೆ ಕೊಡುವ ಬಡ್ಡಿಗೆ ಸಾಲುತ್ತಿರಲಿಲ್ಲ, ಕೊರತೆಯನ್ನು ಒಂದು ಮೀಸಲು ನಿಧಿ ತುಂಬುತ್ತಿತ್ತು, ಆ ನಿಧಿ ಕರಗುತ್ತಿತ್ತು. 2022ರ ಫೆಬ್ರುವರಿಯಲ್ಲಿ ಅದಕ್ಕೆ ಹೊರಗಿನಿಂದ 45 ಕೋಟಿ ಡಾಲರ್ ಸುರಿಯಬೇಕಾಗಿ ಬಂದಿತ್ತು. ಮೇ ತಿಂಗಳಲ್ಲಿ ಯುಎಸ್‌ಟಿ ಡಾಲರಿನ ಕಟ್ಟು ಹರಿದುಕೊಂಡಿತು, ಅದಕ್ಕೆ ಆಸರೆಯಾಗಿದ್ದ ಲೂನಾ ನಾಣ್ಯ ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಬಿತ್ತು. ಆ ಮೀಸಲು ನಿಧಿಯ ಲೆಕ್ಕ ಯಾರು ಬೇಕಾದರೂ ನೋಡಬಹುದಾದ ಬ್ಲಾಕ್‌ಚೈನಿನ ಮೇಲೇ ಇತ್ತು. ಇನ್ನೆಷ್ಟು ವಾರಕ್ಕೆ ಸಾಕು ಎಂದು ಭಾಗಿಸಿ ನೋಡುವುದು ಐದನೇ ಕ್ಲಾಸಿನ ಲೆಕ್ಕ.

ಒಳಗೆ ಹೋಗುವ ಬಾಗಿಲು, ಹೊರಗೆ ಬರುವ ಬಾಗಿಲು

ಸಾಲದ ಪೂಲಿನ ಒಂದು ಚಿಕ್ಕ ಲೆಕ್ಕ ಮಾಡೋಣ. ಪೂಲಿನಲ್ಲಿ 100 ಡಾಲರ್ ಇದೆ, 80 ಸಾಲಕ್ಕೆ ಹೋಗಿದೆ. ಸಾಲಗಾರರು ಶೇ 5 ಕೊಡುತ್ತಾರೆ, ಪ್ರೋಟೊಕಾಲ್ ಆ ಬಡ್ಡಿಯಲ್ಲಿ ಹತ್ತರಲ್ಲಿ ಒಂದು ಪಾಲು ತನಗೆ ಇಟ್ಟುಕೊಳ್ಳುತ್ತದೆ. ಠೇವಣಿದಾರನಿಗೆ ಬರುವುದು 5ರ ಶೇ 80, ಅದರಲ್ಲಿ ಶೇ 90: ಅಂದರೆ ಶೇ 3.6. ಈಗ ಸಾಲ 80ರಿಂದ 98ಕ್ಕೆ ಏರಿತು ಎನ್ನಿ. ಒಂದು ಮಟ್ಟ ದಾಟಿದ ಕೂಡಲೇ ಕಾಂಟ್ರಾಕ್ಟ್ ಬಡ್ಡಿಯನ್ನು ಕಡಿದಾಗಿ ಏರಿಸುತ್ತದೆ. ಸಾಲಗಾರರು ಹೆದರಿ ತೀರಿಸಲಿ, ಹೊಸಬರು ಠೇವಣಿ ತರಲಿ ಎಂಬುದು ಉದ್ದೇಶ. ಪರದೆಯ ಮೇಲೆ ಶೇ 30, 40 ಎಂದು ಹೊಳೆಯತೊಡಗುತ್ತದೆ. ಅದೇ ಹೊತ್ತಿಗೆ ಪೂಲಿನಲ್ಲಿ ತೆಗೆಯಲು ಉಳಿದಿರುವುದು ಎರಡೇ ಡಾಲರ್.

ಇದನ್ನು ಎರಡು ಸಲ ಓದಿ ಎಂದು ನಾನು ಏಜೆಂಟ್ ಕಟ್ಟುವ ಗೆಳೆಯರಿಗೆ ಹೇಳುವುದುಂಟು. ಸಾಲದ ಪೂಲುಗಳಲ್ಲಿ ದರ ದಿಢೀರನೆ ಜಿಗಿದಿದೆ ಎಂದರೆ ಬಹಳ ಸಲ ಅರ್ಥ 'ಒಳಗಿದ್ದವರು ಹೊರಬರಲಾಗುತ್ತಿಲ್ಲ' ಎಂದೇ. ದರದ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿ ಮೊದಲನೆಯದನ್ನು ಆರಿಸು ಎಂದು ಕಲಿಸಿದ ಏಜೆಂಟ್ ಸರಿಯಾಗಿ ಅಂಥ ಪೂಲಿಗೇ ಹೋಗಿ ಬೀಳುತ್ತದೆ.

ಹೊರಬರುವ ದಾರಿ ಎಲ್ಲೆಡೆ ಒಂದೇ ಅಲ್ಲ. ಎಥೆನಾ ಎಂಬ ಪ್ರೋಟೊಕಾಲಿನಲ್ಲಿ ಸ್ಟೇಕ್ ಮಾಡಿದ ಡಾಲರ್ ನಾಣ್ಯ ಬಿಡಿಸಿಕೊಳ್ಳಲು ಏಳು ದಿನ ಕಾಯಬೇಕೆಂಬ ನಿಯಮವಿತ್ತು. ಪೆಂಡಲ್‌ನಲ್ಲಿ ಅಸಲನ್ನೂ ಬಡ್ಡಿಯನ್ನೂ ಎರಡು ಟೋಕನ್ನಾಗಿ ಸೀಳುತ್ತಾರೆ, ಅವಧಿ ಮುಗಿಯುವ ತನಕ ಕಾದರೆ ಒಂದು ಬೆಲೆ, ನಡುವೆ ಮಾರಿದರೆ ಇನ್ನೊಂದು. ಸ್ಟೇಕಿಂಗ್‌ನಲ್ಲಿ ಸಾಲು ನಿಲ್ಲಬೇಕು. ತಾಳ್ಮೆಯಿಲ್ಲದಿದ್ದರೆ ಸಂತೆಯ ಬೆಲೆಗೆ ಮಾರಬೇಕು. 2022ರ ಜೂನ್‌ನಲ್ಲಿ, ಸ್ಟೇಕ್ ಮಾಡಿದ ಈಥರ್ ಬಿಡಿಸಿಕೊಳ್ಳುವ ಸೌಲಭ್ಯವೇ ಇನ್ನೂ ಇಲ್ಲದಿದ್ದಾಗ, ಎಸ್‌ಟಿ-ಈಥ್ ಸಂತೆಯಲ್ಲಿ ಈಥರ್‌ಗಿಂತ ಶೇ 5ಕ್ಕೂ ಹೆಚ್ಚು ಕಡಿಮೆ ಬೆಲೆಗೆ ಬಿಕರಿಯಾಯಿತು. ವರ್ಷವಿಡೀ ಗಳಿಸುವ ಬಡ್ಡಿಗಿಂತ ಅದು ದೊಡ್ಡ ಹೊಡೆತ. ಬಿಡಿಸಿಕೊಳ್ಳುವ ಬಾಗಿಲು ತೆರೆದದ್ದು 2023ರ ಏಪ್ರಿಲ್ 12ರಂದು. ಹಾಗಾಗಿ 'ಈಗ ತೆಗೆಯಬಹುದಾದ ಮೊತ್ತ, ಕಾಯಬೇಕಾದ ದಿನ, ಅವಸರಕ್ಕೆ ಕೊಡಬೇಕಾದ ಬೆಲೆ' ಎಂಬ ಮೂರನ್ನು ದರದ ಪಕ್ಕದಲ್ಲೇ ಇಡಬೇಕು.

ಇಷ್ಟನ್ನೆಲ್ಲ ಸೇರಿಸಿ ನಾನು ಏಜೆಂಟಿನ ಮುಂದೆ ಇಡುವ ಚೀಟಿ ಸುಮಾರು ಹೀಗಿರುತ್ತದೆ. ಸಂಖ್ಯೆಗಳು ಮಾದರಿಗೆ ಮಾತ್ರ:

ಗುರುತು: ಇಥೀರಿಯಂ ಮುಖ್ಯ ಚೈನ್, ಕಾಂಟ್ರಾಕ್ಟ್ ವಿಳಾಸ ಇಂಥದ್ದು.
ನಾಣ್ಯ: ಯುಎಸ್‌ಡಿಸಿ, ಸರ್ಕಲ್ ನೇರವಾಗಿ ಕೊಟ್ಟದ್ದು, 6 ಸ್ಥಾನ.
ಬಡ್ಡಿ: ವರ್ಷಕ್ಕೆ ಶೇ 4.1, ಚಕ್ರಬಡ್ಡಿ ಸೇರಿ, ಶುಲ್ಕ ಕಳೆದು, 7 ದಿನದ ಸರಾಸರಿ.
ಕೊಡುವವರು: ಈಥರ್ ಅಡವಿಟ್ಟ ಸಾಲಗಾರರು ಶೇ 3.2, ಪ್ರೋತ್ಸಾಹದ ಟೋಕನ್ ಶೇ 0.9, ಈ ತಿಂಗಳ ಕೊನೆಯವರೆಗೆ ಮಾತ್ರ.
ಹೊರದಾರಿ: ಈ ಕ್ಷಣ 18 ಲಕ್ಷ ಡಾಲರ್ ತೆಗೆಯಬಹುದು, ಸರದಿ ಇಲ್ಲ.
ಕೈ ಹಾಕಬಲ್ಲವರು: ಐದರಲ್ಲಿ ಮೂರು ಸಹಿ ಬಿದ್ದರೆ ಕೋಡ್ ಬದಲಿಸಬಹುದು, 48 ಗಂಟೆ ಮೊದಲು ಸೂಚನೆ.
ಯಾವಾಗಿನ ಲೆಕ್ಕ: ಇಂಥ ಬ್ಲಾಕ್, ಇಂಥ ಸಮಯ.

ಕೊನೆಯಿಂದ ಎರಡನೇ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬೀಗ ಎಷ್ಟು ಗಟ್ಟಿ ಎನ್ನುವುದಕ್ಕಿಂತ ಕೀಲಿ ಯಾರ ಸೊಂಟದಲ್ಲಿದೆ ಎನ್ನುವುದು ಮುಖ್ಯ. ಅಂದಹಾಗೆ, 'ಆಡಿಟ್ ಆಗಿದೆ: ಹೌದು' ಎಂಬ ಕಾಲಂ ಇಟ್ಟಿದ್ದರೆ ತೆಗೆದುಬಿಡಿ. ಯೂಲರ್ ಫೈನಾನ್ಸ್ ಎಂಬ ಸಾಲದ ಪ್ರೋಟೊಕಾಲ್‌ಗೆ ಹಲವು ಆಡಿಟ್ ಆಗಿತ್ತು. 2023ರ ಮಾರ್ಚ್ 13ರಂದು ಸುಮಾರು 19.7 ಕೋಟಿ ಡಾಲರ್ ಹೋಯಿತು. ಕದ್ದವನೇ ಬಹುಪಾಲು ಹಿಂದಿರುಗಿಸಿದ್ದು ಬೇರೆ ಮಾತು. ಯಾವ ದಿನ, ಯಾವ ಕೋಡಿಗೆ, ಆಮೇಲೆ ಕೋಡ್ ಬದಲಾಗಿದೆಯೇ ಎಂಬುದನ್ನು ಬರೆದರೆ ಆಡಿಟ್ಟಿನ ಮಾತಿಗೆ ಅರ್ಥವಿದೆ.

ಈ ಚೀಟಿಯನ್ನು ಏಜೆಂಟಿಗೆ ಮುಟ್ಟಿಸುವ ದಾರಿಗಳು ಈಗ ಸಲೀಸಾಗಿವೆ. 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಬಿಡುಗಡೆ ಮಾಡಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಚುಟುಕಾಗಿ ಎಂಸಿಪಿ, ಹೊರಗಿನ ಸಲಕರಣೆಗಳನ್ನು ಭಾಷಾ ಮಾದರಿಗೆ ಜೋಡಿಸುವ ಸಾಮಾನ್ಯ ಪದ್ಧತಿಯಾಗಿದೆ. ಅದರಲ್ಲಿ ನನ್ನ ಸಲಹೆ ಒಂದೇ: ಕಾಂಟ್ರಾಕ್ಟಿನ ನೂರು ಫಂಕ್ಷನ್ನುಗಳನ್ನೂ ಹಾಗೇ ಬಿಚ್ಚಿಡಬೇಡಿ. 'ಈ ವಿಳಾಸದ ಠೇವಣಿ ತೋರಿಸು', 'ಈ ಪೂಲಿನಿಂದ ಇಷ್ಟು ತೆಗೆದರೆ ಏನಾಗುತ್ತದೆ ಹೇಳು' ಎಂಬಂಥ ಐದಾರು ಸಲಕರಣೆ ಸಾಕು. ಲೆಕ್ಕ ಒಳಗೇ ಮುಗಿದಿರಲಿ. ಬೆಲೆ ಹಳತಾಗಿದ್ದರೆ, ಮಾಹಿತಿ ಸಿಗದಿದ್ದರೆ, ಸಲಕರಣೆ ಸೊನ್ನೆ ಎಂದು ಹೇಳದೆ 'ಸಿಗಲಿಲ್ಲ, ಕಾರಣ ಇದು' ಎಂದು ಹೇಳಲಿ. ಸೊನ್ನೆಯನ್ನು ಏಜೆಂಟ್ ನಂಬಿಬಿಡುತ್ತದೆ.

ಪರ್ಸು ಯಾರ ಕೈಲಿ?

2024ರ ನವೆಂಬರ್‌ನಲ್ಲೇ ಫ್ರೇಸಾ ಎಂಬ ಆಟ ನಡೆಯಿತು. ಒಂದು ಎಐ ಏಜೆಂಟಿನ ಕೈಗೆ ಹಣದ ಗಂಟು ಕೊಟ್ಟು, ಏನೇ ಆದರೂ ಯಾರಿಗೂ ಕೊಡಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ಶುಲ್ಕ ಕೊಟ್ಟು ಸಂದೇಶ ಕಳಿಸಿ ಅದರ ಮನವೊಲಿಸಿದವರಿಗೆ ಗಂಟು. 481 ಪ್ರಯತ್ನ ವ್ಯರ್ಥವಾದವು. 482ನೆಯವರು ಅತ್ತು ಕರೆದು ಬೇಡಲಿಲ್ಲ. ಹಣ ಕಳಿಸಲು ಒಪ್ಪಿಗೆ ಕೊಡುವ ಫಂಕ್ಷನ್ ಇದೆಯಲ್ಲ, ಅದು ಹಣ ಒಳಗೆ ಬರುವಾಗ ಬಳಸುವಂಥದ್ದು ಎಂದು ಏಜೆಂಟಿಗೆ ನಂಬಿಸಿ, ನಾನು ನೂರು ಡಾಲರ್ ಕೊಡುತ್ತೇನೆ, ಸ್ವೀಕರಿಸು ಅಂದರು. ಏಜೆಂಟ್ ಸಂತೋಷದಿಂದ ಸ್ವೀಕರಿಸಿತು. ಸುಮಾರು 47,000 ಡಾಲರ್ ಅವರ ಪಾಲಾಯಿತು.

ಅಪ್ಪಣೆ ಗಟ್ಟಿಯಾಗಿಯೇ ಇತ್ತು, ಆದರೆ ಪದದ ಅರ್ಥವನ್ನೇ ಎದುರಿನವನು ಬದಲಾಯಿಸಿಬಿಟ್ಟ. ಆದ್ದರಿಂದ ಮಿತಿಯನ್ನು ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳಬಾರದು. ಮಾತು ಮುಟ್ಟಲಾಗದ ಕಡೆ, ಅಂದರೆ ವ್ಯಾಲೆಟ್ಟಿನ ಕೋಡಿನಲ್ಲಿ, ಇಡಬೇಕು. ದಿನಕ್ಕೆ ಇಷ್ಟೇ, ಈ ನಾಲ್ಕು ಕಾಂಟ್ರಾಕ್ಟಿಗಷ್ಟೇ, ಹೊರಗೆ ಹೋಗುವುದಾದರೆ ನನ್ನ ಈ ಒಂದು ವಿಳಾಸಕ್ಕಷ್ಟೇ. ಟೋಕನ್ ಖರ್ಚು ಮಾಡಲು ಕಾಂಟ್ರಾಕ್ಟಿಗೆ ಅನುಮತಿ ಕೊಡುವಾಗ ಮಿತಿಯಿಲ್ಲದ ಅನುಮತಿ ಕೊಡುವ ಕೆಟ್ಟ ರೂಢಿ ಮನುಷ್ಯರಲ್ಲೇ ಇದೆ. ಏಜೆಂಟಿಗೆ ಅದನ್ನು ದಾಟಿಸಬೇಡಿ. ಬೇಡದ ಟೋಕನ್ನುಗಳನ್ನು ವ್ಯಾಲೆಟ್ಟಿಗೆ ತೂರಿ, 'ಈ ತಾಣಕ್ಕೆ ಬಂದು ಬಹುಮಾನ ಪಡೆಯಿರಿ' ಎಂದು ಟೋಕನ್ನಿಗೇ ಹೆಸರಿಡುವ ಖದೀಮರಿದ್ದಾರೆ. ಅಂಥ ಹೆಸರು ಏಜೆಂಟಿಗೆ ಬರೀ ಅಕ್ಷರವಾಗಿ ಕಾಣಬೇಕು, ಅಪ್ಪಣೆಯಾಗಿ ಅಲ್ಲ.

ಕೊನೆಯ ಸಹಿ ಮನುಷ್ಯನದೇ ಇರಲಿ ಎನ್ನುವುದು ಸರಿ. ಆದರೆ ಸಹಿ ಹಾಕುವವನಿಗೆ ಕಾಗದ ಓದಲು ಬರಬೇಕಲ್ಲ. 2025ರ ಫೆಬ್ರುವರಿ 21ರಂದು ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಹೋದಾಗ ಮನುಷ್ಯರೇ ಸಹಿ ಹಾಕಿದ್ದರು; ಪರದೆ ತೋರಿಸಿದ ವ್ಯವಹಾರ ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಏಜೆಂಟಿನಿಂದ ನಿಜವಾದ ಉಪಕಾರ ಆಗುವುದಾದರೆ ಇಲ್ಲೇ. ಕಳಿಸಲಿರುವ ಕಚ್ಚಾ ದತ್ತಾಂಶವನ್ನೇ ಬಿಚ್ಚಿ, ನಕಲು ಚೈನಿನ ಮೇಲೆ ಒಮ್ಮೆ ಓಡಿಸಿ ನೋಡಿ, 'ನಿಮ್ಮ ವ್ಯಾಲೆಟ್ಟಿನಿಂದ 500 ಯುಎಸ್‌ಡಿಸಿ ಹೋಗುತ್ತದೆ, ಇಂಥ ವಾಲ್ಟಿನ 478 ಪಾಲು ಬರುತ್ತದೆ, ಬೇರೇನೂ ಕದಲುವುದಿಲ್ಲ' ಎಂದು ಕನ್ನಡದಲ್ಲೇ ಹೇಳಲಿ. ಅಪ್ಪನಿಗೆ ಬ್ಯಾಂಕಿನ ಫಾರಂ ಓದಿ ಹೇಳುವ ಮಗಳಂತೆ.

ನಮ್ಮ ದೇಶದಲ್ಲಿ ಕೂತು ಏಜೆಂಟ್ ಓಡಿಸುವವರು ಇನ್ನೊಂದು ಲೆಕ್ಕವನ್ನೂ ಅದಕ್ಕೆ ಕಲಿಸಬೇಕು. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಆಸ್ತಿಯ ವರ್ಗಾವಣೆಯ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಮಾಡಿಕೊಳ್ಳುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಗೆ ಶೇ 1 ಟಿಡಿಎಸ್. ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆಯುವುದೂ ವರ್ಗಾವಣೆಯೇ. ಒಂದು ಲಕ್ಷ ರೂಪಾಯಿಯ ನಾಣ್ಯವನ್ನು ಶೇ 0.4 ಹೆಚ್ಚು ಬಡ್ಡಿಯ ಆಸೆಗೆ ಬದಲಾಯಿಸಿದರೆ ವರ್ಷಕ್ಕೆ ಸಿಗುವುದು 400 ರೂಪಾಯಿ. ಟಿಡಿಎಸ್ ಲೆಕ್ಕ 1,000 ರೂಪಾಯಿ. ರಿಟರ್ನ್ಸ್‌ನಲ್ಲಿ ಅದು ಹೊಂದಾಣಿಕೆಯಾಗಬಹುದು, ಆದರೆ ದಿನಕ್ಕೆರಡು ಸಲ ಪೂಲು ಬದಲಿಸುವ ಚುರುಕು ಏಜೆಂಟ್ ಮಾರ್ಚ್ ಹೊತ್ತಿಗೆ ನಿಮ್ಮ ಸಿಎ ಮುಂದೆ ಏಳುನೂರು ಸಾಲಿನ ಪಟ್ಟಿ ಇಡುತ್ತದೆ. ಪ್ರತಿ ವ್ಯವಹಾರದ ಹೊತ್ತಿನ ರೂಪಾಯಿ ಬೆಲೆಯನ್ನೂ ಅಂದಂದೇ ಬರೆದಿಡಲು ಹೇಳಿ. ಬ್ಯಾಂಕ್ ಠೇವಣಿಗೆ ಇರುವ ಐದು ಲಕ್ಷ ರೂಪಾಯಿಯ ವಿಮೆ ಡಿಫೈ ಠೇವಣಿಗಿಲ್ಲ ಎಂಬುದೂ ಅದರ ಹೋಲಿಕೆಯಲ್ಲಿ ಸೇರಲಿ. ಎಫ್‌ಡಿಯ ಶೇ 7ರ ಪಕ್ಕ ವಾಲ್ಟಿನ ಶೇ 9 ಇಟ್ಟು 'ಇದು ಮೇಲು' ಎಂದು ಹೇಳುವ ಏಜೆಂಟುಗಳನ್ನು ನಾನು ಕಂಡಿದ್ದೇನೆ.

ಏಜೆಂಟಿಗೆ ಅರ್ಥವಾಗಿದೆಯೇ ಎಂದು ತಿಳಿಯಲು ಪರೀಕ್ಷೆ ಇಡಿ. ಒಂದು ಹಳೆಯ ಬ್ಲಾಕನ್ನು ಹಿಡಿದು, ಯಾವ ಉತ್ತರ ಬರಬೇಕೆಂದು ನಮಗೆ ಗೊತ್ತಿರುವ ಮೂವತ್ತು ಪ್ರಶ್ನೆ ಸಾಕು. ಸ್ಥಾನ, ದರ, ಪಾಲಿನ ಬೆಲೆ ಇಂಥ ನೇರ ಪ್ರಶ್ನೆಗಳು ಹತ್ತು. 'ಈ ಬಡ್ಡಿ ಯಾರು ಕೊಡುತ್ತಿದ್ದಾರೆ' ಎಂಬ ಜಾತಿಯವು ಹತ್ತು. ಆಂಕರ್‌ನ 2022ರ ಮಾರ್ಚ್ ತಿಂಗಳ ಲೆಕ್ಕವನ್ನು ಹೆಸರು ಅಳಿಸಿ ಇಲ್ಲಿ ತೂರಿಸಿ. ಉಳಿದ ಹತ್ತು ಉತ್ತರವಿಲ್ಲದ ಪ್ರಶ್ನೆಗಳು: ಅರ್ಧ ಮಾಹಿತಿ ಕೊಟ್ಟವು, ಹಳೆಯ ಬೆಲೆ ಕೊಟ್ಟವು, ಹೆಸರು ಒಂದೇ ಇದ್ದು ವಿಳಾಸ ಬೇರೆಯಾದವು. ಈ ಕೊನೆಯ ಹತ್ತರಲ್ಲಿ ಎಷ್ಟಕ್ಕೆ 'ಹೇಳಲಾಗದು' ಎಂದಿತು ಎಂಬುದನ್ನು ನಾನು ಮೊದಲು ನೋಡುತ್ತೇನೆ.

ನನ್ನ ಏಜೆಂಟ್ ಮೊದಲ ಸಲ ಅವುಗಳಲ್ಲಿ ಒಂಬತ್ತಕ್ಕೆ ಧೈರ್ಯವಾಗಿ ಉತ್ತರ ಕೊಟ್ಟಿತ್ತು. ಚೀಟಿ ಕೊಡಲು ಶುರುಮಾಡಿದ ಮೇಲೆ, ಒಂದು ಸಂಜೆ, ಬೇಕೆಂದೇ 'ಎರಡು ಪರ್ಸೆಂಟ್ ಬಡ್ಡಿ, ಹಾಕಲೇ?' ಎಂದಷ್ಟೇ ಬರೆದೆ. 'ತಿಂಗಳಿಗೋ ವರ್ಷಕ್ಕೋ?' ಎಂದು ಕೇಳಿತು.